ಆಕಾಶದಾಗ ಕಳೆದ ಮೂರು ತಾಸು

"ಅವ್ವಾ, ಪಪ್ಪಾ ದುಬೈಕ್ಕ ಹೋಗೂಮುಂದ ಎರಡೂವರೆ ತಾಸು, ಬರೂಮುಂದ ಐದೂವರೆ ತಾಸು! ನಡುವ ಎಲ್ಲಿ ಇಳದಿದ್ದಾ?"

ಗಡಿಯಾರ ನೋಡುವುದನ್ನು ಹೊಸದಾಗಿ ಕಲಿತಿದ್ದ ಮಗಳು ಸಪ್ನಾ ಹೀಗೆ ಕೇಳಿದ್ದೇ ತಡ, ನೀಲಾಳ ಕೈಯಲ್ಲಿದ್ದ ಲಟ್ಟಣಿಗೆ ನಿಂತುಬಿಟ್ಟಿತು.

ಬೆಲ್ಲದ ವ್ಯಾಪಾರಿ ಗಂಡ ಕಲ್ಮೇಶ ಯಾವುದೋ ವ್ಯಾಪಾರ ಮೇಳಕ್ಕೆಂದು ದುಬೈಗೆ ಹೋಗಿ ನಿನ್ನೆಯಷ್ಟೇ ಬೈಲಹೊಂಗಲಕ್ಕೆ ಮರಳಿದ್ದ. ಅವನು ಹೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವುದು ನೀಲಾಳ ರೂಢಿ. ತೆಗೆದು ನೋಡಿದಳು. ಬೆಂಗಳೂರು ಬಿಟ್ಟದ್ದು ಹತ್ತಕ್ಕೆ, ದುಬೈ ಮುಟ್ಟಿದ್ದು ಹನ್ನೆರಡೂವರೆಗೆ. ಬರುವಾಗ ದುಬೈ ಬಿಟ್ಟದ್ದು ಎರಡಕ್ಕೆ, ಬೆಂಗಳೂರು ಏಳೂವರೆಗೆ! ಎರಡು ಸಾವಿರದ ಏಳುನೂರು ಕಿಲೋಮೀಟರು ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ದೊಡವಾಡದ ಬಸ್ಸಾದರೆ ಡ್ರೈವರ ಚಹಾಕ್ಕೆ ನಿಲ್ಲಿಸಿದ ಅನ್ನಬಹುದು. ಆಕಾಶದಲ್ಲಿ ಯಾರು ಚಾದಂಗಡಿ ಇಟ್ಟಾರು?

ಇಲ್ಲ, ಎರಡಕ್ಕೆ ವಿಮಾನ ಏರಿದ್ದೇ ಸುಳ್ಳು. ಏರಿದ್ದು ಐದಕ್ಕೆ! ಮತ್ತೆ ಆ ಮೂರು ತಾಸು? ದುಬೈಯಲ್ಲಿ ಐಶ್ವರ್ಯಾ ಇದ್ದಳಲ್ಲ! ನೇಸರಗಿಯಲ್ಲಿರುವ ಗಂಡನ ಸೋದರತ್ತೆ ಗುರುಬಸವ್ವನ ಮಗಳು. ಒಂದು ಕಾಲಕ್ಕೆ ಕಲ್ಮೇಶನಿಗೇ ಮದುವೆ ಮಾತಾಡಿ ಕೈಬಿಟ್ಟ ಹೆಣ್ಣು!

"ಬಿ.ಕಾಂ. ಫಸ್ಟ್ ಕ್ಲಾಸ್ ನಾ! ಸಂಜಿಯೊಳಗ ಪತ್ತೆ ಹಚ್ಚದಿದ್ರ ನನ್ನ ಹೆಸರು ನೀಲಾ ಅಲ್ಲ!" ಎಂದು ಪಣತೊಟ್ಟು, ನೇರ ದುಬೈಗೇ ಫೋನು ಹಚ್ಚಿದಳು.

"ಐಶ್ವರ್ಯಾ, ಆರಾಮೇನವಾ? ಮೊನ್ನೆ ನಮ್ಮವರು ನಿಮ್ಮನ್ಯಾಗ ಏನ ಉಂಡ್ರು ಅಂತ ಕೇಳೂಣಂತ ಮಾಡಿದ್ನಿ."

"ಏನಂದ್ರಿ? ಕಲ್ಮೇಶ ಮಾಮಾ ಇಲ್ಲಿಗೆ ಬಂದಿದ್ನಾ? ಬಂದು ನಮ್ಮನಿ ನೀರು ಸುದ್ದಾ ಕುಡೀದ ಹೋದ್ನಾ!"

ಫೋನು ಕಟ್! ನೀಲಾಳ ಎದೆ ಹೂವಿನಷ್ಟು ಹಗುರಾಯಿತು. ಆದರೆ ಹಗುರಾಗಿದ್ದದ್ದು ಮಧ್ಯಾಹ್ನದ ಬಸ್ಸು ಬರುವತನಕ ಮಾತ್ರ. ಆ ಬಸ್ಸಿಗೆ ಗುರುಬಸವ್ವ ಬಂದಳು. ಒಳಗೆ ಬರಲಿಲ್ಲ, ಕೂಡಲಿಲ್ಲ, ತಂಬಿಗೆ ಮುಟ್ಟಲಿಲ್ಲ.

"ನನ್ನ ಮಗಳ ಊರಿಗೆ ಹೋಗಿ ಆಕಿ ಹೊಸ್ತಿಲಾ ತುಳೀಲಿಲ್ಲಾ ನಿನ್ನ ಗಂಡ! ಇವತ್ತಿಗೆ ಈ ತವರಮನಿ ನೀರಿನ ಋಣಾ ಹರೀತು!"

ಸುದ್ದಿ ಕೇಳಿ ಅಂಗಡಿಯಿಂದ ಓಡಿಬಂದ ಕಲ್ಮೇಶ ಹೆಂಡತಿಯನ್ನು ಅಡುಗೆಮನೆಗೆ ಎಳೆದ. "ಅತ್ತೀಗೆ ಹೇಳಿದವರ‍್ಯಾರು?"

"ಮೊದಲ ಆ ಮೂರು ತಾಸು ಎಲ್ಲಿದ್ರಿ ಹೇಳ್ರಿ!" ಡೈರಿ ಅವನ ಮೂಗಿನ ತನಕ ಹೋಯಿತು.

ಓದಿದ ಕಲ್ಮೇಶ ಹಣೆ ಬಡಿದುಕೊಂಡ. "ನಮ್ಮವ್ವಾ! ದುಬೈದ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದ ಐತಿ. ಹೋಗೂಮುಂದ ಅಷ್ಟು ಕಳೀತು, ಬರೂಮುಂದ ಅಷ್ಟು ಕೂಡಿತು. ವಿಮಾನ ಎರಡೂ ಸಲ ಹಾರಿದ್ದು ನಾಕಽ ತಾಸು!"

ಫಸ್ಟ್ ಕ್ಲಾಸ್ ಬಿ.ಕಾಂ. ಮೆಲ್ಲಗೆ ಡೈರಿ ಮುಚ್ಚಿತು. "ಮತ್ತ... ಐಶ್ವರ್ಯಾನ ಮನಿಗ್ಯಾಕ ಹೋಗಲಿಲ್ಲ?"

"ಹೋಗಿದ್ರ ನೀ ನನ್ನ ಈ ಮನಿಯೊಳಗ ಬಿಡತಿದ್ದೇನು?"

ಹೊರಗೆ ಅತ್ತೆ ಚೀಲ ಹೆಗಲಿಗೇರಿಸಿದ ಸಪ್ಪಳ. "ನಾ ಹೊಂಟೆ!"

ಕಲ್ಮೇಶ ಎರಡೂ ಕೈ ಜೋಡಿಸಿದ. "ನೀಲಾ, ಒಂದು ಉಪಕಾರ ಮಾಡು. ಮುಂದಿನ ತಿಂಗಳು ಮತ್ತ ದುಬೈಕ್ಕ ಹೋಗೂದೈತಿ. 'ಲಾಡ್ಜು ಗೀಡ್ಜು ಬ್ಯಾಡ, ನಾಕೂ ದಿನ ಐಶ್ವರ್ಯಾನ ಮನ್ಯಾಗಽ ಇರ್ರಿ' ಅಂತ ಅತ್ತಿ ಎದುರಿಗೆ ನೀನಽ ನನಗ ಹೇಳು. ಚೂರು ನಕ್ಕೋತ!"