ಶುರು ಮಾತ್ರ ಗೊತ್ತುಂಟು

ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯ ಫೋರ್ಟ್ ಪೇಟೆಯಲ್ಲಿ ಒಂದು ರೆಕಾರ್ಡ್ ಅಂಗಡಿಯ ಇಂಗ್ಲಿಷ್ ಹಾಡುಗಳ ಕೌಂಟರಿನಲ್ಲಿದ್ದೆ. ಕುಂದಾಪುರದ ಕಡೆಯಿಂದ ಹೋದ ನನಗೆ ಆ ಹಾಡುಗಳ ಮಾತು ಅರ್ಥವಾಗುತ್ತಿರಲಿಲ್ಲ. ಗಿರಾಕಿಗಳಿಗೂ ಅಷ್ಟೇನೂ ಆಗುತ್ತಿರಲಿಲ್ಲ ಅನ್ನಿ. ಹಾಡಿನ ಹೆಸರು ಮರೆತು ಬರುತ್ತಿದ್ದರು, ಹಾಡಿದವರ ಹೆಸರನ್ನೂ ಮರೆತಿರುತ್ತಿದ್ದರು. ನೆನಪಿರುತ್ತಿದ್ದದ್ದು ಶುರುವಿನಲ್ಲಿ ಬರುವ ವಾದ್ಯದ ಸದ್ದು ಮಾತ್ರ. ಅದನ್ನೇ ಬಾಯಲ್ಲಿ ಮಾಡಿ ತೋರಿಸುತ್ತಿದ್ದರು. ಹೀಗಿರುವಾಗ ಅಲ್ಲಿ ಏನಾದರೊಂದು ನಡೆಯದೆ ವಾರ ಕಳೆಯುತ್ತಿರಲಿಲ್ಲ. ನಾನು ಮಾತ್ರ ನಗುವಂತಿರಲಿಲ್ಲ. ಗಿರಾಕಿಯ ಎದುರು ನಕ್ಕರೆ ಕೆಲಸ ಬಿಡಬೇಕಾಗುತ್ತದೆ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು.

ಮಳೆ

ಒಂದು ಹಾಡು ಗುಡುಗು ಮಳೆಯ ಸದ್ದಿನಿಂದ ಶುರುವಾಗುತ್ತಿತ್ತು. ಹೊಸದಾಗಿ ಬಂದಿತ್ತು, ಹಾಗಾಗಿ ಬಾಗಿಲ ಮೇಲಿನ ಸ್ಪೀಕರಿನಲ್ಲಿ ಹಾಕಿದೆವು. ಜೂನ್ ತಿಂಗಳು, ಮೋಡ ಬೇರೆ ಕವಿದಿತ್ತು. ಎದುರಿನ ಫುಟ್‌ಪಾತಿನಲ್ಲಿ ಶರ್ಟು ಮಾರುವವನು ಗುಡುಗು ಕೇಳಿದ್ದೇ ತಡ, ಎದ್ದುಬಿದ್ದು ಪ್ಲಾಸ್ಟಿಕ್ ಎಳೆದು ಎಲ್ಲವನ್ನೂ ಮುಚ್ಚಿದ. ನೆಲ ಒಣಗಿಯೇ ಇತ್ತು. ಮತ್ತೊಬ್ಬ ಗಿರಾಕಿಗೆಂದು ಅದನ್ನೇ ಹಾಕಿದಾಗ ಪುನಃ ಮುಚ್ಚಿದ. ಆಮೇಲೆ ಸದ್ದು ಎಲ್ಲಿಂದ ಎಂದು ಗೊತ್ತಾಗಿ, ಒಳಗೆ ಬಂದು ಮಾಲೀಕರಿಗೆ ಕೈಮುಗಿದ. "ಸೇಠ್, ಆಪ್ ಕಾ ಬಾರಿಶ್ ಬಂದ್ ಕರೋ", ನಿಮ್ಮ ಮಳೆ ನಿಲ್ಲಿಸಿ ಎಂದು.

ಮರುದಿನ ನಿಜವಾದ ಗುಡುಗು ಬಂತು. ಅವನು ಕೈಕಟ್ಟಿ ನಿಂತು, ನಮ್ಮ ಸ್ಪೀಕರಿನ ಕಡೆ ನೋಡಿ ನಗುತ್ತಿದ್ದ. ಅಂಗಿಗಳೆಲ್ಲ ತೊಯ್ದು ತೊಪ್ಪೆಯಾಗುವ ತನಕ ನಗುತ್ತಿದ್ದ.

ಹಲ್ಲು

ಹತ್ತಿರದ ಬ್ಯಾಂಕಿನ ಮ್ಯಾನೇಜರೊಬ್ಬರು ಮಧ್ಯಾಹ್ನ ಬಂದರು. ಹುಬ್ಬಳ್ಳಿ ಕಡೆಯವರು. ಕೋಟು, ಟೈ, ಬಹಳ ಗಂಭೀರ ಮನುಷ್ಯ. ನನ್ನ ಕನ್ನಡ ಕೇಳಿ ಸ್ವಲ್ಪ ಸಡಿಲವಾದರು.

"ನಮ್ಮವನ ಆದಿ ಬಿಡು. ನಿನ್ನ ಮುಂದ ಎಂಥಾ ನಾಚಿಕಿ? ಹಾಡಿನ ಹೆಸರು ಗೊತ್ತಿಲ್ಲ ತಮ್ಮಾ, ಶುರುವಿಗೆ ಗಿಟಾರ್ ಹಿಂಗ ಬರ್ತದ ನೋಡು" ಎಂದವರೇ ಕಣ್ಣು ಮುಚ್ಚಿ, ಕೆನ್ನೆ ಹಿಡಿದು, "ಞ್ಯಾಂವ್... ಞ್ಯಾಂವ್ ಞ್ಯಾಂವ್" ಎಂದು ಶುರುಮಾಡಿದರು. ಕಣ್ಣು ತೆರೆದಾಗ ಅವರದೇ ಬ್ಯಾಂಕಿನ ಇಬ್ಬರು ಗುಮಾಸ್ತರು ಹಿಂದೆ ನಿಂತಿದ್ದರು.

"ಸಾಹೇಬ್, ಕಾಯ್ ಝಾಲಂ?" ಏನಾಯ್ತೆಂದು ಗಾಬರಿಯಲ್ಲಿ ಕೇಳಿದರು.

"ಹಲ್ಲುನೋವು" ಎಂದರು ಮ್ಯಾನೇಜರು, ಕೆನ್ನೆಯಿಂದ ಕೈ ತೆಗೆಯದೆ ಹಿಂದಿಯಲ್ಲಿ.

ಗುಮಾಸ್ತರು ನಿಷ್ಠಾವಂತರು. ಎರಡೂ ತೋಳು ಹಿಡಿದು, ಅದೇ ಬಿಲ್ಡಿಂಗಿನ ಮಹಡಿಯ ಮೇಲಿದ್ದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದರು. ಸಂಜೆ ಮ್ಯಾನೇಜರು ಒಬ್ಬರೇ ಪುನಃ ಬಂದರು. ಬಾಯಿತುಂಬ ಹತ್ತಿ. ಹಾಡು ಯಾವುದೆಂದು ಆಗಲೂ ತಿಳಿಯಲಿಲ್ಲ.

ಒಡೆದ ಪ್ಲೇಟು

ಸಾಂತಾಕ್ರೂಜಿನಲ್ಲಿ ಹೋಟೆಲ್ ಇಟ್ಟಿದ್ದ ನಮ್ಮ ಕಡೆಯ ಹಿರಿಯರೊಬ್ಬರು ಒಂದು ದಿನ ಬಂದು ಕೌಂಟರಿನೆದುರಿನ ಸ್ಟೂಲಿನಲ್ಲಿ ಕೂತರು. ಏನು ಬೇಕೆಂದು ಕೇಳಿದಾಗ ತಗ್ಗಿದ ಸ್ವರದಲ್ಲಿ ಹೇಳಿದರು:

"ಮಗನ ಹಾಡಿನ ಪ್ಲೇಟು ಒಂದನ್ನು ನಾನು ಸಿಟ್ಟಿನಲ್ಲಿ ಒಡೆದು ಹಾಕಿದೆ ಮಾರಾಯಾ. ಅವ ಈಗ ನನ್ನ ಹತ್ರ ಮಾತಾಡುದಿಲ್ಲ. ಊಟಕ್ಕೆ ಬಾ ಅಂದ್ರೆ ತಾಯಿ ಹತ್ರ ಉತ್ತರ ಹೇಳ್ತಾನೆ. ಅದೇ ಪ್ಲೇಟು ಬೇಕಿತ್ತು."

"ಯಾವ ಹಾಡು?"

"ಅದು ಗೊತ್ತಿಲ್ಲ. ಶುರು ಮಾತ್ರ ಗೊತ್ತುಂಟು. ಅಷ್ಟಾಗುವಾಗ ನಾನು ಬಂದ್ ಮಾಡಿಸ್ತಿದ್ದೆ."

ಅವರು ಚೆಂಡೆಯ ಪೆಟ್ಟಿನ ಹಾಗೆ ಕೌಂಟರಿನ ಮೇಲೆ ಬಾರಿಸಿ ತೋರಿಸಿದರು. ಡ್ರಮ್ಮಿನಿಂದ ಶುರುವಾಗುವ ರೆಕಾರ್ಡುಗಳನ್ನೆಲ್ಲ ಒಂದೊಂದಾಗಿ ಹಾಕಿದೆ. ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದರು. ಕೊನೆಗೆ ಒಂದಕ್ಕೆ ಎದ್ದು ನಿಂತರು. "ಇದೇ!" ಅಂದರು. ಈ ಸಲ ಬಂದ್ ಮಾಡಿಸಲಿಲ್ಲ. ಕೈಕಟ್ಟಿಕೊಂಡು ಪೂರ್ತಿ ಕೇಳಿದರು. ಮುಗಿದಾಗ ಕಣ್ಣೊರೆಸಿಕೊಂಡು, "ಒಳಗೆ ಇಷ್ಟು ಚಂದದ್ದು ಉಂಟಲ್ಲ. ಯಾರಾದ್ರೂ ನನಗೆ ಮೊದಲೇ ಹೇಳ್ಬಾರ್ದಿತ್ತಾ?" ಎಂದರು. ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗೊತ್ತಿಕೊಂಡು ಹೋದರು.

ಕೆಲವು ದಿನ ಕಳೆದು ಉದ್ದ ಕೂದಲಿನ ಯುವಕನೊಬ್ಬ ಬಂದ. ಇವರ ಮಗ. ಕನ್ನಡ ತಡವರಿಸಿಕೊಂಡು ಬರುತ್ತಿತ್ತು.

"ಅಂಕಲ್, ಪಪ್ಪ ತಗೊಂಡ್ ಬಂದ ರೆಕಾರ್ಡ್... ವೋ ಮೇರಾವಾಲಾ ನಹೀ ಹೈ. ನಂದು ಬೇರೆ ಹಾಡು."

"ತಂದುಕೊಡು, ಬದಲಾಯಿಸ್ತೇನೆ" ಎಂದೆ.

"ನಹೀ ನಹೀ! ಹಾಗೆ ಮಾಡ್ಬೇಡಿ" ಎಂದು ಗಾಬರಿಯಾದ. "ಪಪ್ಪನಿಗೆ ಗೊತ್ತಾಗ್ಬಾರ್ದು. ಡೈಲಿ ಬೆಳಿಗ್ಗೆ ಹೋಟೆಲಿಗೆ ಹೋಗುವ ಮೊದಲು ಅದನ್ನು ಹಾಕಿ, ನನ್ನ ಬಾಜೂ ಕೂತು ಕೇಳ್ತಾರೆ. ತಾಳ ಹಾಕ್ತಾರೆ. ನನಗೆ ಆ ಹಾಡು ಇಷ್ಟ ಇಲ್ಲ, ಆದ್ರೂ ನಾನೂ ಹಾಕ್ತೇನೆ. ನಾವು ಈಗ ಮಾತಾಡ್ತೇವೆ, ಅಂಕಲ್."

"ಮತ್ತೆ ನಿನಗೇನು ಬೇಕಪ್ಪಾ?"

ಅವನು ಹಿಂದೆ ಮುಂದೆ ನೋಡಿ, ಕೌಂಟರಿನ ಮೇಲೆ ಬಾಗಿ, ಬಹಳ ಗಂಭೀರವಾಗಿ ಕೇಳಿದ:

"ಪಪ್ಪ ಶನಿವಾರ ನನಗೆ ಇನ್ನೊಂದು ತರ್ತಾರಂತೆ. ಆ ದಿನ ನೀವು ದುಕಾನ್ ಬಂದ್ ಇಡ್ಬಹುದಾ?"