ಕ್ಷೌರದಂಗಡಿಯಲ್ಲಿ ಬೂದಪ್ಪ

ಎಲ್ಲದಕ್ಕೂ ಕಾರಣ ಆ ಬೆಕ್ಕು. ಅದು ಅಕ್ಕನ ಕಿಟಕಿಯಲ್ಲಿ ಬಂದು ಕೂರದೇ ಹೋಗಿದ್ದರೆ ಅಕ್ಕನ ಮೀನು ಅಕ್ಕನ ಮೇಜಿನ ಮೇಲೆಯೇ ಇರುತ್ತಿತ್ತು. ಕೂಸಣ್ಣನೂ ತನ್ನ ಪಾಡಿಗೆ ನಾಲ್ಕು ಜನಕ್ಕೆ ಕಟಿಂಗ್ ಮಾಡಿಕೊಂಡು ನೆಮ್ಮದಿಯಾಗಿರುತ್ತಿದ್ದ.

ಕೂಸಣ್ಣ ಕೂಸೇನಲ್ಲ. ಊರಿನವರ ತಲೆಗೂದಲು ಕತ್ತರಿಸುತ್ತಾ ಕತ್ತರಿಸುತ್ತಾ ತನ್ನದನ್ನೇ ಮುಕ್ಕಾಲು ಕಳೆದುಕೊಂಡ ಕ್ಷೌರಿಕ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ‘ಕೂಸೇ’ ಎಂದು ಕರೆದದ್ದು ಹಾಗೇ ಅಂಟಿಕೊಂಡು, ಬೀದಿಯವರ ಬಾಯಲ್ಲಿ ಕೂಸಣ್ಣನಾಗಿತ್ತು. ಅವನು ಕತ್ತರಿ ಹಿಡಿಯಲು ಕಲಿಯುವಾಗ ಮೊದಲು ತಲೆಯೊಡ್ಡಿದವಳೂ ಅವಳೇ. ಆ ವರ್ಷವೆಲ್ಲ ಅಕ್ಕ ತಲೆಗೆ ಸೆರಗು ಹೊದ್ದೇ ಓಡಾಡಿದ್ದಳು. ಅಂಥ ಅಕ್ಕನಿಗೆ ಅವನು ಈವರೆಗೆ ಒಂದು ಮಾತು ಎದುರಾಡಿದವನಲ್ಲ.

ಅಕ್ಕನಿಗೆ ನೋಟವಿದ್ದದ್ದು ಒಂದೇ ಕಣ್ಣಿಗೆ. ಅದಕ್ಕೂ ವರ್ಷಗಟ್ಟಲೆಯಿಂದ ಪೊರೆ. ಹೆದರಿ ಮುಂದೂಡುತ್ತಾ ಬಂದವಳನ್ನು ಕೂಸಣ್ಣನೇ ಕಾಡಿ ಬೇಡಿ ಆಸ್ಪತ್ರೆಗೆ ಸೇರಿಸಿದ್ದ. ನಿನ್ನೆ ಆಪರೇಷನ್ ಆಗಿತ್ತು, ಇವತ್ತು ಪಟ್ಟಿ ಬಿಚ್ಚುವವರಿದ್ದರು. ಹೋಗುವ ಮುನ್ನ ಅವನ ಕೈ ಹಿಡಿದು ಹೇಳಿದ್ದಳು: “ಕಣ್ಣು ಬಿಟ್ಟ ಮೇಲೆ ಮೊದ್ಲು ನಿನ್ ಮುಖ, ಆಮೇಲೆ ಬೂದಪ್ಪನ ಮುಖ ನೋಡ್ಬೇಕು ಕೂಸೇ. ಹಿಡಿದಿಟ್ಟ ನೀರೇ ಹಾಕು, ಕಾಳು ಜಾಸ್ತಿ ಹಾಕ್ಬೇಡ. ಅವ್ನಿಗೇನಾದ್ರೂ ಆದ್ರೆ ನಂಗೆ ಈ ಕಣ್ಣೇ ಬೇಡ.”

ಬೂದಪ್ಪ ಎಂದರೆ ಅಕ್ಕನ ಬೆಟ್ಟಾ ಮೀನು, ಭರಣಿಯಲ್ಲಿ ಒಂಟಿಯಾಗಿಯೇ ಸಾಕಬೇಕಾದ ಜಾತಿ. ಮಹಡಿಯ ಬಾಡಿಗೆಯವರು ಊರು ಬಿಡುವಾಗ ಅವಳ ಕೈಗೆ ಕೊಟ್ಟು ಹೋಗಿದ್ದರು. ಒಳ್ಳೆ ರೇಷ್ಮೆಯಂಥ ಕಡುನೀಲಿ ಮೀನಿಗೆ ಬೂದಪ್ಪ ಎಂದು ಯಾಕೆ ಹೆಸರಿಟ್ಟಳೋ ಕೂಸಣ್ಣ ಕೇಳಿರಲಿಲ್ಲ. ತನ್ನನ್ನೇ ಇನ್ನೂ ಕೂಸು ಎನ್ನುವವಳ ಹತ್ತಿರ ಹೆಸರಿನ ಬಗ್ಗೆ ಏನು ಕೇಳುವುದು?

ಬೆಕ್ಕಿಗೆ ಹೆದರಿ ಬೆಳಿಗ್ಗೆಯೇ ಗಾಜಿನ ಭರಣಿ ಎತ್ತಿಕೊಂಡು ಅಂಗಡಿಗೆ ಬಂದ. ಕನ್ನಡಿಯ ಮುಂದೆ, ಬಾಚಣಿಗೆಗಳ ಪಕ್ಕ ಇಟ್ಟ. ಇಟ್ಟದ್ದೇ ತಡ, ಬೂದಪ್ಪ ಕಿವಿರು ಅಗಲಿಸಿ, ರೆಕ್ಕೆಗಳನ್ನೆಲ್ಲ ಬಿಚ್ಚಿ, ಗಾಜಿಗೆ ಮೂತಿ ಕುಟ್ಟತೊಡಗಿತು.

“ಆಹಾ, ಏನು ಚುರುಕು! ಅಂಗಡಿ ಹಿಡಿಸಿಬಿಟ್ಟಿದೆ ಅದಕ್ಕೆ,” ಎಂದ ಎದುರಂಗಡಿಯ ದರ್ಜಿ. ಅವನು ತನ್ನ ಮಿಷನ್ನಿನ ಮುಂದೆ ಕೂತದ್ದಕ್ಕಿಂತ ಕೂಸಣ್ಣನ ಬೆಂಚಿನ ಮೇಲೆ ಕೂತದ್ದೇ ಹೆಚ್ಚು.

ಮಧ್ಯಾಹ್ನದ ಹೊತ್ತಿಗೆ ಬೂದಪ್ಪ ರೆಕ್ಕೆ ಮುದುಡಿಕೊಂಡು ತಳ ಸೇರಿತ್ತು. ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಕೂತಿದ್ದರು. ಎಡಗಡೆ ಮುಗಿದು ಬಲಗಡೆ ಬಾಕಿಯಿತ್ತು.

“ಹಸಿವು ಕಣಣ್ಣಾ!” ಎಂದವನೇ ದರ್ಜಿ ಕೈಯಲ್ಲಿದ್ದ ಬಿಸ್ಕತ್ತನ್ನು ಪುಡಿಮಾಡಿ ಭರಣಿಗೆ ಸುರಿದ. ನೀರು ಅಕ್ಕಿ ತೊಳೆದ ನೀರಿನಂತಾಯಿತು.

“ಅಯ್ಯೋ ಪುಣ್ಯಾತ್ಮ, ಏನ್ ಮಾಡ್ದೆ!”

“ನೀರು ಬದಲಾಯಿಸಯ್ಯಾ ಮೊದಲು,” ಎಂದರು ಮೇಷ್ಟ್ರು.

ದರ್ಜಿ ಆಗಲೇ ಭರಣಿ ಹಿಡಿದು ನಲ್ಲಿಯತ್ತ ಹೊರಟಿದ್ದ. ಕೂಸಣ್ಣ ಹಾರಿ ಕಿತ್ತುಕೊಂಡ. “ನಲ್ಲಿ ನೀರು ಹಾಕಿದ್ರೆ ಸತ್ತೇ ಹೋಗತ್ತೆ! ಅದಕ್ಕೆ ಔಷಧಿ ಬೆರೆಸಿರ್ತಾರೆ. ಹಿಡಿದಿಟ್ಟಿರೋ ನೀರು ಅಕ್ಕನ ಮನೇಲಿದೆ, ಈಗ್ಬಂದೆ.”

“ನನ್ನ ಬಲಗಡೆ?” ಎಂದರು ಮೇಷ್ಟ್ರು. ಕೂಸಣ್ಣ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಓಡಿಯಾಗಿತ್ತು.

ಮುಚ್ಚಳದ ಪಾತ್ರೆಯಲ್ಲಿ ನೀರು ತಂದ. ತಣ್ಣಗಿತ್ತೆಂದು ಪಾತ್ರೆಯನ್ನು ಶೇವಿಂಗಿನ ಬಿಸಿನೀರಲ್ಲಿ ಕೂರಿಸಿ ಬೆಚ್ಚಗೆ ಮಾಡಿದ. ಕೊಳೆ ತೆಗೆದು, ಸ್ವಲ್ಪ ಸ್ವಲ್ಪವಾಗಿ ಹೊಸ ನೀರು ಬಿಟ್ಟ. ಬೂದಪ್ಪ ಅಲುಗಾಡಿತು, ಮೇಲೆ ಬಂತು, ಕನ್ನಡಿ ನೋಡಿತು. ಮತ್ತೆ ಕಿವಿರು ಅಗಲಿಸಿ ಗಾಜಿಗೆ ಗುದ್ದಿ, ಸುಸ್ತಾಗಿ ಕೆಳಗಿಳಿಯಿತು.

ಕೂಸಣ್ಣ ಬಗ್ಗಿ ಮೀನಿನ ಎತ್ತರದಲ್ಲಿ ನಿಂತು ನೋಡಿದ. ಮುಂದೆ ಕನ್ನಡಿ, ಹಿಂದೆ ಕನ್ನಡಿ. ಒಂದರಲ್ಲೊಂದು, ಅದರಲ್ಲಿನ್ನೊಂದು, ಕಣ್ಣು ಹೋದಷ್ಟು ದೂರ ನೀಲಿ ಮೀನುಗಳು. ಪಾಪ, ಬೆಳಿಗ್ಗೆಯಿಂದ ಅದು ಒಂದು ದಂಡಿನ ಜೊತೆ ಒಂಟಿಯಾಗಿ ಕಾದಾಡುತ್ತಿತ್ತು!

ಹೊದಿಸುವ ಬಟ್ಟೆ, ಟವೆಲು, ಕೊನೆಗೆ ಮೇಷ್ಟ್ರ ಕೊರಳಿಗೆ ಕಟ್ಟಿದ್ದನ್ನೂ ಬಿಚ್ಚಿ ಅಷ್ಟೂ ಕನ್ನಡಿಗಳನ್ನು ಮುಚ್ಚಿದ.

“ಕನ್ನಡಿ ಇಲ್ದೆ ನಂಗೆ ಹೇಗೆ ಗೊತ್ತಾಗಬೇಕಯ್ಯಾ?”

“ನನ್ ಮೇಲೆ ನಂಬಿಕೆ ಇಡಿ ಮೇಷ್ಟ್ರೇ,” ಎಂದ ಕೂಸಣ್ಣ, ಒಂದು ಕಣ್ಣು ಭರಣಿಯ ಮೇಲಿಟ್ಟು ಕತ್ತರಿ ಆಡಿಸುತ್ತಾ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ತಲೆ ಸವರಿಕೊಂಡು, “ಬಲಗಡೆ ಯಾಕೋ ಗಾಳಿ ಜಾಸ್ತಿ ಬರ್ತಿದೆ,” ಎಂದರು. ಆಮೇಲೆ ಬಂದವರೆಲ್ಲ ಹೀಗೆಯೇ ತಡವಿ ನೋಡಿಕೊಂಡು ಗೊಣಗುತ್ತಾ ಹೋದರು.

ಸಂಜೆಯ ಹೊತ್ತಿಗೆ ಬೂದಪ್ಪ ಒಂದು ಕಾಳು ತಿಂದು ಮೆಲ್ಲಗೆ ಓಲಾಡುತ್ತಿತ್ತು. ನೆಮ್ಮದಿಯಾದಾಗ ಕಟ್ಟುವ ಸಣ್ಣ ನೊರೆಗುಳ್ಳೆಗಳ ಗೂಡನ್ನೂ ನೀರಿನ ಮೇಲೆ ಕಟ್ಟತೊಡಗಿತ್ತು. “ನನ್ ಮಾನ ಉಳಿಸ್ದೆ ಕಣಪ್ಪಾ,” ಎಂದು ಕೂಸಣ್ಣ ಮೀನಿಗೆ ಕೈ ಮುಗಿದ.

ಅಷ್ಟರಲ್ಲಿ ಆಸ್ಪತ್ರೆಯ ವ್ಯಾನು ಅಕ್ಕನನ್ನು ಅಂಗಡಿಯ ಬಾಗಿಲಲ್ಲೇ ಇಳಿಸಿತು. ಡಾಕ್ಟರು ಬೇಡವೆಂದಿದ್ದರೂ ಕಪ್ಪು ಕನ್ನಡಕವನ್ನು ಒಂದು ಗಳಿಗೆ ತೆಗೆದು ಅವಳು ತಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ಅಯ್ಯೋ ಕೂಸೇ, ನಿನ್ ತಲೆ ಯಾವಾಗೋ ಹೀಗಾಯ್ತು!” ಎಂದು ನಕ್ಕಳು, ಅತ್ತಳು. ಕೂಸಣ್ಣನೂ ಅತ್ತ. ಅಕ್ಕನಿಗೆ ಕಣ್ಣು ಬಂದಿತ್ತು. ಅದಕ್ಕಿಂತ ದೊಡ್ಡದು ಅವನಿಗೆ ಇನ್ನೇನೂ ಇರಲಿಲ್ಲ.

ಆಮೇಲೆ ಅವಳು ಭರಣಿಯತ್ತ ತಿರುಗಿದಳು. ನಗು ನಿಂತಿತು.

“ಇದ್ಯಾವುದೋ ಮೀನು?”

“ಬೂದಪ್ಪ ಅಕ್ಕಾ.”

“ನಮ್ ಬೂದಪ್ಪ ಬೂದಿ ಬಣ್ಣ ಅಲ್ವೇನೋ? ಇದು ನೀಲಿ!”

“ಮೊದಲಿಂದ್ಲೂ ನೀಲೀನೇ ಅಕ್ಕಾ.”

“ನೀಲಿ ಮೀನಿಗೆ ಯಾರಾದ್ರೂ ಬೂದಪ್ಪ ಅಂತ ಹೆಸರಿಡ್ತಾರಾ? ನಂಗೇನು ಕಣ್ಣಿರ್ಲಿಲ್ವಾ?”

ಇರಲಿಲ್ಲವಲ್ಲ, ಎನ್ನುವುದು ಕೂಸಣ್ಣನ ನಾಲಿಗೆಯ ತುದಿಗೆ ಬಂತು. ಪೊರೆಯ ಹಿಂದಿನಿಂದ ನೋಡಿದವಳಿಗೆ ನೀಲಿಯೂ ಬೂದಿಯೇ. ಆದರೆ ಅಕ್ಕನಿಗೆ ಹಾಗೆನ್ನುವುದು ಹೇಗೆ? ಅವನು ಸಾಕ್ಷಿಗಾಗಿ ದರ್ಜಿಯನ್ನು ನೋಡಿದ.

ಬಿಸ್ಕತ್ತಿನ ವಿಷಯ ಬರಬಾರದಲ್ಲ ಎಂದು ದರ್ಜಿ ನೆಲ ನೋಡುತ್ತಾ, “ಮಧ್ಯಾಹ್ನ ತಳದಲ್ಲಿ ಮಲಗಿಬಿಟ್ಟಿತ್ತಕ್ಕಾ... ಆಮೇಲಿಂದು ನಂಗೊತ್ತಿಲ್ಲ,” ಎಂದ.

ಮನೆಯ ಕನ್ನಡಿ ನೋಡಿಕೊಂಡ ಮೇಲೆ ಜಗಳಕ್ಕೆಂದೇ ವಾಪಸು ಬಂದಿದ್ದ ಮೇಷ್ಟ್ರು ಸೇರಿಸಿದರು: “ನನ್ನ ಅರ್ಧ ತಲೆ ಬಿಟ್ಟು ಓಡಿಹೋದ. ಬರ್ತಾ ಕೈಯಲ್ಲಿ ಒಂದು ಮುಚ್ಚಿದ ಪಾತ್ರೆ ಇತ್ತು.”

ಅಕ್ಕ ಮುಖ ಒರೆಸಿಕೊಳ್ಳಲೆಂದು ಗೋಡೆಯ ಬಟ್ಟೆ ಎಳೆದಳು. ಹಿಂದೆ ಕನ್ನಡಿ. ಬೂದಪ್ಪ ಕಿವಿರು ಅಗಲಿಸಿ ಗಾಜಿಗೆ ಧಡಾರನೆ ಗುದ್ದಿತು.

“ನೋಡು! ನಮ್ ಬೂದಪ್ಪ ಸಾಧು. ಯಾರ ಮೇಲೂ ಹೀಗೆ ಹಾರ್ತಿರ್ಲಿಲ್ಲ,” ಎಂದಳು. ಬೈಯಲಿಲ್ಲ. ಅವನ ಬೋಳುತಲೆ ಸವರಿದಳು. “ನಂಗೆ ನೋವಾಗಬಾರದು ಅಂತ ಊರೆಲ್ಲ ಅಲೆದು ಇನ್ನೊಂದು ತಂದ್ಯಲ್ಲ ಕೂಸೇ. ನಿನ್ನಂಥ ತಮ್ಮ ಯಾರಿಗಿದ್ದಾನೆ? ಈ ಋಣ ಹೇಗೆ ತೀರಿಸ್ಲಿ?”

“ಅಕ್ಕಾ, ನಾನು...”

“ಬೇಡ, ಏನೂ ಹೇಳ್ಬೇಡ. ಆದ್ರೆ ಬೂದಪ್ಪನ ಜಾಗದಲ್ಲಿ ಇದನ್ನ ನೋಡೋಕೆ ನಂಗಾಗಲ್ಲ. ನೀನು ತಂದದ್ದು ನಿನ್ ಹತ್ರಾನೇ ಇರ್ಲಿ. ಅಂಗಡೀಲೇ ಇಟ್ಕೋ, ಲಕ್ಷಣವಾಗಿ ಕಾಣತ್ತೆ. ದಿನಾ ಬಂದು ನೋಡಿ ಹೋಗ್ತೀನಿ.”

ಕೂಸಣ್ಣ ಎದುರಾಡಲಿಲ್ಲ. ಅಕ್ಕನ ಕೈಯಿಂದ ಬಟ್ಟೆ ತೆಗೆದುಕೊಂಡು ಮತ್ತೆ ಕನ್ನಡಿಗೆ ಹೊದಿಸಿದ. ಈ ಸಲ ನಾಲ್ಕೂ ಮೂಲೆಗೆ ಮೊಳೆ ಹೊಡೆದ.