ಒಂದು ದಿನವೂ ರಜೆ ಹಾಕದ ಮೂವತ್ತೊಂದು ಜನ

ಆಡಳಿತ ಮತ್ತು ಸಿಬ್ಬಂದಿ ವಿಭಾಗ, ಸಕಲೇಶಪುರ ಶಾಖೆ
(ಕಂಪನಿಯ ಹೆಸರಿದ್ದ ಬೋರ್ಡು ಹೋದ ಮಳೆಗಾಲದಲ್ಲಿ ಅಳಿಸಿಹೋಗಿದ್ದು, ಹೊಸದಕ್ಕೆ ಮಂಜೂರಾತಿ ಎದುರುನೋಡಲಾಗಿದೆ)

ಸಂಖ್ಯೆ: ಆ.ಸಿ.ವಿ./ಹಾಜರಿ/೩೧+೩೧/೧೯೯೮-೯೯
ದಿನಾಂಕ: ೧೬-೧-೧೯೯೯, ಶನಿವಾರ

ಸುತ್ತೋಲೆ

ವಿಷಯ: ಬೆಳಗೋಡು ಕಾಮಗಾರಿಯಿಂದ ಕೈಬಿಡಲಾದ ಕಾರ್ಮಿಕರು ಪಾಳ್ಯ ಕಾಮಗಾರಿಯಲ್ಲಿ ಉಳಿಸಿಕೊಳ್ಳಲಾದ ಕಾರ್ಮಿಕರಾಗಿ ಹಾಜರಾಗುವ ಬಗ್ಗೆ.

ಉಲ್ಲೇಖ:
(ಅ) ಯಜಮಾನರ ಖುದ್ದು ತಪಾಸಣೆ, ದಿನಾಂಕ ೧೩-೧-೧೯೯೯.
(ಆ) ಯಜಮಾನರ ದೂರವಾಣಿ ಆದೇಶ, ದಿನಾಂಕ ೧೪-೧-೧೯೯೯ (ಲೈನು ಗೊರಗೊರ ಎನ್ನುತ್ತಿದ್ದರೂ ‘ಅರ್ಧಕ್ಕರ್ಧ’ ಎಂಬ ಮಾತು ಸ್ಪಷ್ಟವಾಗಿ ಕೇಳಿಸಿದೆ).
(ಇ) ಹುಲಿಯಮ್ಮ ಎಂಬುವರ ಬಾಯಿಮಾತಿನ ಆಕ್ಷೇಪಣೆ, ದಿನಾಂಕ ೧೫-೧-೧೯೯೯.

ಪ್ರಸ್ತಾವನೆ

ಕಂಪನಿಯು ಬೆಳಗೋಡಿನಲ್ಲಿ ವಿದ್ಯಾರ್ಥಿನಿಲಯವನ್ನೂ ಪಾಳ್ಯದಲ್ಲಿ ಸಮುದಾಯ ಭವನವನ್ನೂ ಏಕಕಾಲಕ್ಕೆ ಕಟ್ಟಿಕೊಡುವುದಾಗಿ ಒಪ್ಪಿಕೊಂಡಿದ್ದು ಸರಿಯಷ್ಟೆ. ಕಂಪನಿಯ ಬಳಿ ಇದ್ದ ಆಳುಗಳು ಮೂವತ್ತೊಂದು. ಎರಡನೆಯ ತಂಡವನ್ನು ಹುಡುಕಲು ಹೊರಡುವ ಹೊತ್ತಿಗೆ ಎಸ್ಟೇಟುಗಳಲ್ಲಿ ಕಾಫಿ ಕೊಯ್ಲು ಶುರುವಾಗಿ, ಕೈಕಾಲು ಗಟ್ಟಿಯಿದ್ದವರೆಲ್ಲ ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಬುಡ ಸೇರಿಬಿಟ್ಟಿದ್ದರು. ಆದಾಗ್ಯೂ, ಶಾಖಾ ವ್ಯವಸ್ಥಾಪಕರು ಮೂರು ದಿನದ ಆಡಳಿತ ನಿರ್ವಹಣೆ ತರಬೇತಿಯನ್ನು ಮುಗಿಸಿ ಆಗಷ್ಟೇ ಬಂದಿದ್ದರಿಂದ, ಇರುವ ಮೂವತ್ತೊಂದು ಜನರನ್ನೇ ಎರಡೂ ಕಡೆ ತೋರಿಸುವ ಆಧುನಿಕ ಪದ್ಧತಿಯನ್ನು ಜಾರಿಗೆ ತರಲಾಯಿತು. ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ಹಾಜರಿ ಮಾತ್ರ ದಿನವೂ ಎರಡೂ ಕಡೆ.

ಎರಡನೆಯ ಹಾಜರಿ ಪುಸ್ತಕಕ್ಕೆ ಬೇಕಾದ ಮೂವತ್ತೊಂದು ಹೊಸ ಹೆಸರುಗಳನ್ನು ಒದಗಿಸುವಂತೆ ಹಾಜರಿ ಬರೆಯುವ ಸೈಟ್ ರೈಟರ್ ಶ್ರೀ ನಂಜುಂಡಯ್ಯನವರಿಗೆ ಸೂಚಿಸಲಾಗಿತ್ತು. ಹದಿನಾಲ್ಕು ವರ್ಷದಿಂದ, ನಿಜಕ್ಕೂ ಇರುವವರ ಹೆಸರನ್ನಷ್ಟೇ ಬರೆದು ರೂಢಿಯಿದ್ದ ಸದರಿಯವರು ಒಂದು ಹಗಲು ಪೂರ್ತಿ ಪೆನ್ನಿನ ತುದಿ ಕಚ್ಚಿಕೊಂಡು ಕೂತಿದ್ದು, ಒಂದು ಹೆಸರೂ ಹೊಳೆಯದೆ, ಕೊನೆಗೆ ಗಾರೆ ಕಲಸುವವರ ಹತ್ತಿರವೇ ಹೋಗಿ, ಒಬ್ಬೊಬ್ಬರೂ ಬಾಯಿಗೆ ಬಂದದ್ದು ಒಂದೊಂದು ಹೆಸರು ಹೇಳಿರೆಂದು ಕೇಳಿಕೊಂಡಿದ್ದಾರೆ. ತಂಡದ ಹಿರಿಯಳಾದ ಹುಲಿಯಮ್ಮನು ತಲೆಯ ಮೇಲಿನ ಗಾರೆ ಬಾಂಡ್ಲಿ ಇಳಿಸದೆಯೇ, “ಕೆಂಚಮ್ಮ ಅಂತ ಬರ್ಕೊಳಪ್ಪ ರೈಟ್ರಪ್ಪ, ಹೊತ್ತಾಯ್ತದೆ” ಎಂದು ಹೇಳಿ ಮುಂದೆ ಹೋಗಿರುತ್ತಾಳೆ. ಕೆಂಚಮ್ಮ ಎಂಬುದು ಎಂಟು ವರ್ಷದ ಹಿಂದೆ ತೀರಿಕೊಂಡ ಆಕೆಯ ತಾಯಿಯ ಹೆಸರೆಂಬುದು ರೈಟರಿಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅಳಿಸೋಣವೆಂದರೆ ಪುಸ್ತಕದಲ್ಲಿ ಅಳಿಸಲು ಅವಕಾಶವಿರುವುದಿಲ್ಲ.

ತಪಾಸಣೆಯ ದಿನ ಯಜಮಾನರು ಮೊದಲು ಬೆಳಗೋಡಿಗೆ ಬಂದರು. ಅವರ ಕಾರು ಡಾಂಬರು ರಸ್ತೆಯಲ್ಲಿ ಸುತ್ತಿಕೊಂಡು, ನಡುವೆ ಏರ್ಪಡಿಸಲಾಗಿದ್ದ ಕಾಫಿಯ ಬಳಿ ನಿಂತು, ಪಾಳ್ಯ ತಲುಪುವಷ್ಟರಲ್ಲಿ, ಡ್ರೈವರ್ ಕರಿಯಪ್ಪನು ಮೂವತ್ತೊಂದು ಜನರನ್ನೂ ಲಾರಿಯಲ್ಲಿ ಹೇರಿಕೊಂಡು ಎಸ್ಟೇಟಿನ ಒಳದಾರಿಯಿಂದ ಪಾಳ್ಯಕ್ಕೆ ಇಳಿಸಿದ್ದಾನೆ. (ಕಾಫಿಯನ್ನು ತುಟಿಗಿಡಲಾಗದಷ್ಟು ಬಿಸಿಯಾಗಿ ಕೊಟ್ಟ ಹೋಟೆಲಿನವರಿಗೆ ಪ್ರಶಂಸಾಪತ್ರ ಪ್ರತ್ಯೇಕವಾಗಿ ಕಳುಹಿಸಲಾಗಿದೆ.) ಬೆಳಗೋಡಿನಲ್ಲಿ ಹುಲಿಯಮ್ಮನ ಹೆಸರು ಕೇಳಿದ್ದ ಯಜಮಾನರು ಪಾಳ್ಯದಲ್ಲೂ ಆಕೆಯ ಮುಂದೆಯೇ ನಿಂತು, ನಿನ್ನ ಹೆಸರೇನಮ್ಮ ಎಂದು ಕೇಳಿದ್ದು, ಆ ಗಳಿಗೆಯಲ್ಲಿ ನಂಜುಂಡಯ್ಯನವರು ಜಲ್ಲಿ ರಾಶಿಯ ಆಚೆಗೆ ಸರಿದರೆಂದು ಕರಿಯಪ್ಪನು ವರದಿ ಮಾಡಿದ್ದಾನೆ. ಆಕೆ ನೆಲ ನೋಡುತ್ತ, “ಕೆಂಚಮ್ಮ ಅಂತಾರೆ ಸ್ವಾಮಿ” ಎಂದಳು. ಯಜಮಾನರು, “ಈ ಕಡೆ ಹೆಂಗಸರೆಲ್ಲ ಒಂದೇ ಅಚ್ಚಿನಲ್ಲಿ ಎರೆದಂಗಿದ್ದೀರಿ” ಎಂದು ಸಂತೋಷ ವ್ಯಕ್ತಪಡಿಸಿ ತೆರಳಿರುತ್ತಾರೆ.

ಮಾರನೆಯ ದಿನ, ಸಂಕ್ರಾಂತಿ ಎಂದೂ ಲೆಕ್ಕಿಸದೆ, ಹಾಸನದಿಂದ ದೂರವಾಣಿ ಬಂತು. ಎರಡು ಸಣ್ಣ ಕಟ್ಟಡಕ್ಕೆ ಅರವತ್ತೆರಡು ಜನ ಜಾಸ್ತಿಯಾಯಿತು, ಅರ್ಧಕ್ಕರ್ಧ ತೆಗೆಯಿರಿ ಎಂಬುದು ಆದೇಶ. ಯಾರನ್ನು ತೆಗೆಯುವುದೆಂಬ ಪ್ರಶ್ನೆಗೆ ಎರಡೂ ಹಾಜರಿ ಪುಸ್ತಕಗಳನ್ನು ತರಿಸಿ, ಹೋಲಿಸಿ, ದೂರವಾಣಿಯಲ್ಲಿಯೇ ಓದಿ ಹೇಳಲಾಯಿತು. ಬೆಳಗೋಡಿನವರು ರಜೆ ಹಾಕಿದ್ದಾರೆ, ಜ್ವರ ಬಂದು ಮಲಗಿದ್ದಾರೆ, ಒಬ್ಬಾಕೆ ಹೆರಿಗೆಗೂ ಹೋಗಿದ್ದಾರೆ. ಪಾಳ್ಯದವರು ಒಂದು ದಿನವೂ ರಜೆ ಹಾಕಿಲ್ಲ, ಕುಡಿಯುವ ನೀರು ದೂರವಾಯಿತೆಂದು ದೂರಿಲ್ಲ, ಕಾಲಿಗೆ ಜಿಗಣೆ ಹತ್ತಿತೆಂದು ಕೆಲಸ ನಿಲ್ಲಿಸಿಲ್ಲ. ಇಂಥವರನ್ನು ಕಳೆದುಕೊಳ್ಳುವ ಕಂಪನಿ ಉದ್ಧಾರವಾಗುವುದಿಲ್ಲವೆಂದು ಯಜಮಾನರು ಅಭಿಪ್ರಾಯಪಟ್ಟಿದ್ದರಿಂದ ಪಾಳ್ಯದ ಮೂವತ್ತೊಂದೂ ಜನರನ್ನು ಉಳಿಸಿಕೊಂಡು, ಬೆಳಗೋಡಿನ ಮೂವತ್ತೊಂದೂ ಜನರನ್ನು ಕೈಬಿಡಲಾಗಿದೆ. ಇದ್ದದ್ದನ್ನು ಇದ್ದ ಹಾಗೆ ಯಜಮಾನರಿಗೆ ತಿಳಿಸಲು ಶಾಖಾ ವ್ಯವಸ್ಥಾಪಕರು ಬಾಯಿ ತೆರೆದಿದ್ದು ನಿಜ. ಅಷ್ಟರಲ್ಲಿ ಯಜಮಾನರೇ ರಿಸೀವರ್ ಇಟ್ಟಿದ್ದಾರೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಬೆಳಗೋಡಿನ ಕಾರ್ಮಿಕರು ಶನಿವಾರ ಸಂಜೆ ಐದಕ್ಕೆ ಕೆಲಸ ಕಳೆದುಕೊಳ್ಳತಕ್ಕದ್ದು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಪಾಳ್ಯದ ಕಾರ್ಮಿಕರಾಗಿ ಹಾಜರಿರತಕ್ಕದ್ದು. ನಡುವಿನ ಭಾನುವಾರ ಸದರಿಯವರು ಯಾರೂ ಆಗಿರತಕ್ಕದ್ದಲ್ಲ.

೨. ಕೈಬಿಡಲಾದವರು ಸಪ್ಪೆ ಮುಖ ಹಾಕುವುದು, ಉಳಿಸಿಕೊಳ್ಳಲಾದವರು ಹಲ್ಲು ಬಿಡುವುದು ಸಹಜ. ಆದರೆ ಇಬ್ಬರಿಗೂ ಮುಖ ಒಂದೇ ಇರುವುದರಿಂದ ಅದನ್ನು ಮಧ್ಯಮ ಪ್ರಮಾಣದಲ್ಲಿ ಇಟ್ಟುಕೊಳ್ಳತಕ್ಕದ್ದು.

೩. ಸೋಮವಾರ ಪಾಳ್ಯದಲ್ಲಿ ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕುವ ದಿನ. ಕೇಂದ್ರ ಕಚೇರಿಯ ತಪಾಸಣಾಧಿಕಾರಿಯೊಬ್ಬರು ಹಾಜರಿ ಕೂಗುವಾಗ ಎದುರೇ ನಿಂತಿರುತ್ತಾರೆ. ಹೊಸ ಹೆಸರು ಕೂಗಿದ ಕೂಡಲೇ, ಯಾರದಪ್ಪ ಇದು ಎಂದು ಅತ್ತಿತ್ತ ನೋಡದೆ ‘ಹಾಜರ್’ ಎನ್ನತಕ್ಕದ್ದು.

೪. ಸಿದ್ದು ಎಂಬುವರು ಅವಸರದಲ್ಲಿ ತಮ್ಮ ಹೆಸರನ್ನು ಭೂತಯ್ಯ ಎಂದು ಬರೆಸಿದ್ದು, ಅದು ಅವರ ಮಾವನ, ಅಂದರೆ ತನ್ನ ತಂದೆಯ, ಹೆಸರೆಂದೂ, “ಕಟ್ಕೊಂಡ ಗಂಡನ್ನ ನಮ್ಮಪ್ಪನ ಹೆಸರಲ್ಲಿ ಕೂಗಿದ್ರೆ ನಾನು ಬುತ್ತಿ ಯಾರಿಗೆ ಬಿಚ್ಲಿ” ಎಂದೂ ಅವರ ಹೆಂಡತಿ ತಕರಾರು ತೆಗೆದಿದ್ದಾರೆ. ಕೆಲಸದ ವೇಳೆಯಲ್ಲಿ ಸದರಿ ಮಹಿಳೆಯು ಗಂಡನ ಕಾಲಿಗೆ ಬೀಳುವ ಅಗತ್ಯವಿಲ್ಲವೆಂದೂ, ಬುತ್ತಿಯನ್ನು ಹಳೆಯ ಹೆಸರಿನಲ್ಲಿಯೇ ಬಿಚ್ಚಬಹುದೆಂದೂ ಸ್ಪಷ್ಟಪಡಿಸಲಾಗಿದೆ.

೫. ಮುಂಗೈ ಮೇಲೆ ಸ್ವಂತ ಹೆಸರಿನ ಹಚ್ಚೆ ಇರುವ ಮೂವರು ಹೆಂಗಸರು ಮತ್ತು ಒಬ್ಬ ಗಂಡಸು ಆ ಜಾಗಕ್ಕೆ ಗಾರೆ ಮೆತ್ತಿಕೊಳ್ಳತಕ್ಕದ್ದು. ಗಾರೆಯನ್ನು ಸ್ಟೋರಿನಲ್ಲಿ ಚೀಟಿ ಕೊಟ್ಟು ಪಡೆದು, ಸಂಜೆ ಕೆರೆದು ವಾಪಸು ಕೊಡತಕ್ಕದ್ದು.

೬. ಪಾಳ್ಯದ ಕಾರ್ಮಿಕರಿಗೆ ಈವರೆಗೆ ಕೆಮ್ಮು ಬಂದ ದಾಖಲೆ ಇರುವುದಿಲ್ಲ. ಬೆಳಗೋಡಿನಲ್ಲಿ ಶುರುವಾದ ಕೆಮ್ಮನ್ನು ಬೆಳಗೋಡಿನಲ್ಲಿಯೇ ಮುಗಿಸಿಕೊಂಡು ಬರತಕ್ಕದ್ದು.

೭. ಹುಲಿಯಮ್ಮನ ಆಕ್ಷೇಪಣೆ ಕುರಿತು. ಶುಕ್ರವಾರ ಸಂಜೆ ನಂಜುಂಡಯ್ಯನವರು ಹೊಸ ವ್ಯವಸ್ಥೆಯನ್ನು ವಿವರಿಸಲು ಹೋದಾಗ ಆಕೆ ಕೊಟ್ಟ ಉತ್ತರವನ್ನು, ತಿದ್ದಲು ಯತ್ನಿಸಿ ಸಾಧ್ಯವಾಗದೆ, ಆಕೆಯ ಮಾತಿನಲ್ಲಿಯೇ ದಾಖಲಿಸಲಾಗಿದೆ: “ಒಂದಿನ ಸುಳ್ಳು ಹೇಳು ಅಂದ್ರಿ, ಹೇಳ್ದೆ. ಅವತ್ತು ರಾತ್ರಿ ಅನ್ನ ಗಂಟ್ಲಲ್ಲಿ ಇಳೀನಿಲ್ಲ ಕಣ್ ರೈಟ್ರಪ್ಪ. ನಮ್ಮವ್ವ ಆ ಹೆದ್ದಾರಿಗೆ ಜಲ್ಲಿ ಹೊತ್ತೂ ಹೊತ್ತೂ ನೆತ್ತಿ ಮೇಲೆ ಕೂದ್ಲಿಲ್ದಂಗೆ ಸತ್ಲು. ಈಗ ದಿನಾ ಬೆಳಗಾದ್ರೆ ಅವ್ಳ ಹೆಸ್ರು ಕೂಗಿ, ಅವ್ಳ ತಲೆ ಮೇಲೆ ಇನ್ನೊಂದು ಬಾಂಡ್ಲಿ ಮಡಗ್ಲಾ? ಒಂಬತ್ ವರ್ಷ ದುಡ್ದೋಳು ನಾನು. ನನ್ನ ತೆಗ್ದು ಅವ್ವನ್ನ ಮಡಿಕಂಡವ್ರೆ, ಚೆನ್ನಾಗೈತೆ ನಿಮ್ಮ ಕಂಪ್ನಿ. ನಾನು ಹುಲಿಯಮ್ಮ ಅಂದ್ರೆ ಬತ್ತೀನಿ. ಕೆಂಚಮ್ಮ ಅಂದ್ರೆ, ಹೋಗಿ ಅವ್ಳನ್ನೇ ಕರ್ಕೊಂಬನ್ನಿ.”
ಈ ಆಕ್ಷೇಪಣೆಯನ್ನು ಭಾವನಾತ್ಮಕವೆಂದು ಪರಿಗಣಿಸಿ ತಳ್ಳಿಹಾಕಲಾಗಿದೆ.

೮. ಹುಲಿಯಮ್ಮ ಎತ್ತ ಹೋದರೆ ಮಿಕ್ಕ ಮೂವತ್ತು ಜನ ಅತ್ತ ಹೋಗುವರೆಂಬುದು ಆಡಳಿತಕ್ಕೆ ತಿಳಿದಿದೆ. ಆದಕಾರಣ ಸೋಮವಾರ ಆಕೆಯಿಂದ ‘ಹಾಜರ್’ ಎನ್ನಿಸುವುದು ನಂಜುಂಡಯ್ಯನವರ ವೈಯಕ್ತಿಕ ಜವಾಬ್ದಾರಿ. ತಪ್ಪಿದಲ್ಲಿ ಅವರನ್ನೂ ಕೈಬಿಡಲಾಗುವುದು. ಅವರಿಗೆ ಎರಡನೆಯ ಹೆಸರು ಇಲ್ಲದಿರುವುದನ್ನು ದಯಮಾಡಿ ಅವರು ಗಮನಿಸತಕ್ಕದ್ದು.

ಸೇರ್ಪಡೆ (ದಿನಾಂಕ ೧೯-೧-೧೯೯೯, ಮಂಗಳವಾರ)

ಕರೆಂಟಿಲ್ಲದೆ ಜೆರಾಕ್ಸ್ ಯಂತ್ರ ಓಡದ ಕಾರಣ ಈ ಸುತ್ತೋಲೆಯು ಹಂಚಿಕೆಯಾಗುವ ಮುನ್ನವೇ ಸೋಮವಾರ ಬಂದು ಹೋಗಿದ್ದು, ಕೆಳಕಂಡ ಕಂಡಿಕೆಗಳನ್ನು ಸೇರಿಸುವುದು ಅನಿವಾರ್ಯವಾಗಿದೆ.

೯. ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೂವತ್ತೊಂದು ಜನರೂ ಪಾಳ್ಯಕ್ಕೆ ಬಂದು ಸಾಲಾಗಿ ನಿಂತಿದ್ದರು. ಮಿಕ್ಸರ್ ಯಂತ್ರ ತಿರುಗುತ್ತಿತ್ತು. ತಪಾಸಣಾಧಿಕಾರಿಗಳು ಕುರ್ಚಿಯಲ್ಲಿದ್ದರು. ನಂಜುಂಡಯ್ಯನವರು ಪುಸ್ತಕ ತೆರೆದು ಮೊದಲನೆಯ ಹೆಸರನ್ನು ಕೂಗಿದ್ದಾರೆ. ಹುಲಿಯಮ್ಮ ‘ಹಾಜರ್’ ಎನ್ನಲಿಲ್ಲ. ನಿಯಮದ ಪ್ರಕಾರ ಮೂರು ಸಲ ಕೂಗಬೇಕಿದ್ದು, ಸದರಿಯವರು ಎರಡನೆಯ ಸಲಕ್ಕೆ ಬಾಯಿ ತೆರೆದವರು ಆಕೆಯ ಮುಖ ನೋಡಿ ಹಾಗೇ ಮುಚ್ಚಿ, ಕೆಂಚಮ್ಮನ ಹೆಸರಿನ ಮುಂದೆ ‘ರಜೆ’ ಎಂದು ಬರೆದಿದ್ದಾರೆ. ಬರೆಯುತ್ತ, “ಸಾಕು ತಾಯಿ, ನೀನು ದಣಿವಾರಿಸ್ಕೋ” ಎಂದು ಅಂದದ್ದು ಪಕ್ಕದಲ್ಲಿದ್ದವರಿಗೆ ಕೇಳಿಸಿದೆ. ಅನಂತರ ಕೆಳಗಿನ ಮೂವತ್ತು ಹೆಸರಿಗೂ, ಯಾವುದನ್ನೂ ಕೂಗದೆ, ಒಂದೇ ಸಮನೆ ರಜೆ ಬರೆದು ಪುಟ ತುಂಬಿಸಿದ್ದಾರೆ.

೧೦. ಹಾಗಾದರೆ ಎದುರಿಗೆ ನಿಂತಿರುವ ಇವರು ಯಾರೆಂದು ತಪಾಸಣಾಧಿಕಾರಿಗಳು ಕೇಳಲಾಗಿ, “ಇವ್ರು ಬೆಳಗೋಡಿನೋರು ಸ್ವಾಮಿ, ಶನಿವಾರ ನೀವು ತೆಗ್ದಾಕಿದ್ರಲ್ಲ, ಅವ್ರು. ಪಾಳ್ಯದೋರು ಒಬ್ರೂ ಬಂದಿಲ್ಲ” ಎಂದು ನಂಜುಂಡಯ್ಯನವರು ಉತ್ತರಿಸಿದ್ದು, ಸದರಿ ಉತ್ತರದಲ್ಲಿ ಸುಳ್ಳು ಎಲ್ಲಿದೆಯೆಂದು ಆಡಳಿತವು ಎರಡು ಸಲ ಹುಡುಕಿ ನೋಡಿದರೂ ಸಿಕ್ಕಿರುವುದಿಲ್ಲ. ಕಲಸಿದ ಕಾಂಕ್ರೀಟು ಯಾವ ಅಧಿಕಾರಿಗೂ ಕಾಯುವುದಿಲ್ಲವಾದ್ದರಿಂದ ತಪಾಸಣಾಧಿಕಾರಿಗಳು ಅಲ್ಲಿಯೇ, ಕುರ್ಚಿಯಿಂದ ಎದ್ದು ನಿಂತು, ಎದುರಿಗಿದ್ದ ಮೂವತ್ತೊಂದು ಜನರನ್ನು ಹೊಸದಾಗಿ ನೇಮಿಸಿಕೊಂಡಿದ್ದಾರೆ. ಹೊಸ ಪುಟದಲ್ಲಿ ನಂಜುಂಡಯ್ಯನವರು ಹುಲಿಯಮ್ಮ ಎಂದು ಕೂಗಿದಾಗ ಬಂದ ‘ಹಾಜರ್’ ಎಂಬ ಶಬ್ದಕ್ಕೆ ಮಿಕ್ಸರ್ ಆಪರೇಟರ್ ಹಿಂತಿರುಗಿ ನೋಡಿದನೆಂದು ವರದಿಯಾಗಿದೆ. ತಾರಸಿ ಸಂಜೆಯೊಳಗೆ ಮುಗಿದಿದೆ.

೧೧. ಹುಲಿಯಮ್ಮ ಮತ್ತು ಇತರರು ಕಂಪನಿಗೆ ಹೊಸಬರಾದ್ದರಿಂದ, ಬಾಂಡ್ಲಿಯನ್ನು ಯಾವ ಕಡೆ ಮೇಲಾಗಿ ಹಿಡಿಯಬೇಕೆಂಬ ಬಗ್ಗೆ ಅವರಿಗೆ ಮೂರು ದಿನ ತರಬೇತಿ ನೀಡತಕ್ಕದ್ದು. ಶಾಖಾ ವ್ಯವಸ್ಥಾಪಕರು ತರಬೇತಿ ಕೊಡಲು ಉತ್ಸುಕರಾಗಿರುತ್ತಾರೆ.

೧೨. ಇಷ್ಟು ದಿನ ರಜೆಯನ್ನೇ ಕಾಣದಿದ್ದ ಪಾಳ್ಯದ ಕಾರ್ಮಿಕರು, ಅರ್ಜಿ ಸಲ್ಲಿಸದೆ, ಮೋಲ್ಡಿನ ದಿನವೇ, ಒಟ್ಟಾಗಿ ರಜೆ ಹೋಗಿರುವುದು ಯಜಮಾನರಿಗೆ ತೀವ್ರ ನೋವುಂಟುಮಾಡಿದೆ. ಯಾರ ಕುಮ್ಮಕ್ಕು ಎಂಬುದನ್ನು ತಿಳಿಯಲು ಮೂವತ್ತೊಂದು ಜನರಿಗೂ ಪ್ರತ್ಯೇಕವಾಗಿ ಕಾರಣ ಕೇಳುವ ನೋಟಿಸು ಜಾರಿ ಮಾಡಲಾಗಿದೆ.

೧೩. ನಂಜುಂಡಯ್ಯನವರು ೮ನೇ ಕಂಡಿಕೆಯನ್ನು ಉಲ್ಲಂಘಿಸಿರುವುದರಿಂದ ಅವರನ್ನು ಕೂಡಲೇ ಕೆಲಸದಿಂದ ತೆಗೆಯಲು ತೀರ್ಮಾನಿಸಲಾಗಿದೆ. ಆದರೆ ಪಾಳ್ಯದ ಕಾರ್ಮಿಕರ ಮುಖಪರಿಚಯ ಇರುವುದು ಇಡೀ ಕಂಪನಿಯಲ್ಲಿ ಅವರೊಬ್ಬರಿಗೇ ಎಂದು ಯಜಮಾನರು ನಂಬಿರುವ ಕಾರಣ, ಮೂವತ್ತೊಂದು ನೋಟಿಸುಗಳನ್ನೂ ಖುದ್ದು ಕೈಗೆ ಕೊಟ್ಟು, ಹೆಬ್ಬೆಟ್ಟು ಒತ್ತಿಸಿಕೊಂಡು ಬರುವವರೆಗೆ ಅವರು ಹುದ್ದೆಯಲ್ಲಿ ಮುಂದುವರಿಯತಕ್ಕದ್ದು. ಈ ಕೆಲಸಕ್ಕೆ ಎಷ್ಟು ಕಾಲ ಹಿಡಿಯಬಹುದೆಂದು ಕೇಳಿದ್ದಕ್ಕೆ ಸದರಿಯವರು, “ಹುಡುಕ್ತೀನಿ ಸ್ವಾಮಿ, ಅವಸರ ಮಾಡಬ್ಯಾಡಿ” ಎಂದು ತಿಳಿಸಿರುತ್ತಾರೆ.

ಸಹಿ/-
(ಸುನಿಲ್‌ಕುಮಾರ್)
ಶಾಖಾ ವ್ಯವಸ್ಥಾಪಕರು

ಪ್ರತಿಗಳು:
೧. ಯಜಮಾನರಿಗೆ, ಹಾಸನ: ೧೨ನೇ ಕಂಡಿಕೆಯನ್ನು ಮಾತ್ರ ಕತ್ತರಿಸಿ ಕಳುಹಿಸಿದೆ.
೨. ತಪಾಸಣಾಧಿಕಾರಿಗಳಿಗೆ: ಪ್ಯಾಂಟಿಗೆ ಸಿಡಿದ ಸಿಮೆಂಟಿನ ಬಗ್ಗೆ ವಿಷಾದದೊಂದಿಗೆ.
೩. ಡ್ರೈವರ್ ಕರಿಯಪ್ಪನಿಗೆ: ಓದಿ ಹೇಳತಕ್ಕದ್ದು, ಊರಿಗೆಲ್ಲ ಹೇಳತಕ್ಕದ್ದಲ್ಲ.
೪. ಸಿದ್ದು ಅವರ ಹೆಂಡತಿಗೆ: ೪ನೇ ಕಂಡಿಕೆ ರದ್ದಾದ ಬಗ್ಗೆ.
೫. ಶ್ರೀ ನಂಜುಂಡಯ್ಯ, ಸೈಟ್ ರೈಟರ್: ಮೂವತ್ತೊಂದು ನೋಟಿಸುಗಳೊಂದಿಗೆ.
೬. ಶ್ರೀಮತಿ ಕೆಂಚಮ್ಮ, ಪಾಳ್ಯ ಕಾಮಗಾರಿ (ವಿಳಾಸ ತಿಳಿದಿಲ್ಲ): ಏಳು ದಿನದೊಳಗೆ ಖುದ್ದಾಗಿ ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮಗೆ ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು.